ಸ್ಲೈಡ್ ಓದಬ್ಯಾಡ್ರಿ, ಮಾತಾಡ್ರಿ

1/8

ದೋಸ್ತರೇ, ಈ ಸಲ ಸ್ವಲ್ಪ ಉದ್ದ ಬರೀತೀನಿ. ಎಂಟು ಪೋಸ್ಟ್ ಆಗ್ತದ. ಟೈಮ್ ಇದ್ದಾಗ ಓದ್ರಿ, ಆದ್ರ ಮುಂದಿನ ಸೆಮಿನಾರ್‌ಗೂ ಮೊದಲು ಓದ್ರಿ.

ಮೊದಲು ನನ್ನ ಮರ್ಯಾದೆ ಹೋದ ಕಥೆ. ಹೋದ ನವೆಂಬರ್‌ನಲ್ಲಿ ಇಂಟರ್ನಲ್ಸ್‌ಗೆ ಸೆಮಿನಾರ್ ಇತ್ತು. ನನ್ನ ಟಾಪಿಕ್ ಜಿಎಸ್‌ಟಿ. ಹಿಂದಿನ ರಾತ್ರಿ ಕೂತು 22 ಸ್ಲೈಡ್ ಮಾಡಿದೆ. ಮಾಡಿದೆ ಅನ್ನೋದು ಸುಳ್ಳು, ನೆಟ್‌ನಲ್ಲಿ ಸಿಕ್ಕ ಒಂದು ಹಳೇ ಪಿಪಿಟಿ ತಗೊಂಡು ಬಣ್ಣ ಬದಲಾಯಿಸಿದೆ, ಕೊನೆಗೆ ಗುಲಾಬಿ ಹೂವಿನ ಜೊತೆ 'ಥ್ಯಾಂಕ್ ಯೂ' ಹಾಕಿದೆ. ಬೆಳಿಗ್ಗೆ ಕ್ಲಾಸಿಗೆ ಬೆನ್ನು ತಿರುಗಿಸಿ ನಿಂತು ಪರದೆ ನೋಡ್ತಾ ಇಂಗ್ಲಿಷ್‌ನಲ್ಲಿ ಓದ್ತಾ ಹೋದೆ.

ಒಂಬತ್ತನೇ ಸ್ಲೈಡಿಗೆ ಬಂದೆ. 'ಜಿಎಸ್‌ಟಿಯಲ್ಲಿ ನಾಲ್ಕು ದರ ಇವೆ: 5, 12, 18, 28' ಅಂತ ಇತ್ತು. ಓದಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಏ, ಅದು ಈಗ ಎಲ್ಲದ? ಘಟಸ್ಥಾಪನೆ ದಿನದಿಂದ ಬದಲಾಗ್ಯದಲ್ಲ!"

ಅವನು ಹೇಳಿದ್ದು ಖರೇ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರಗಳಲ್ಲಿದ್ದ ಹೆಚ್ಚಿನ ವಸ್ತುಗಳು ಬೇರೆ ದರಕ್ಕೆ ಹೋಗಿವೆ. ಈಗ ಮುಖ್ಯವಾಗಿ ಇರೋದು 5 ಮತ್ತು 18. ಕೂಲ್ ಡ್ರಿಂಕ್ಸ್, ದೊಡ್ಡ ಕಾರಿನಂಥ ಕೆಲವಕ್ಕೆ 40. ಇದು ಟಿವಿಯಲ್ಲಿ ದಿನವೆಲ್ಲ ಬಂದ ಸುದ್ದಿ. ಬಿಕಾಂ ಓದೋ ನಾನು ಎರಡು ತಿಂಗಳಾದ ಮೇಲೆ ಹಳೇ ದರ ಓದ್ತಾ ನಿಂತಿದ್ದೆ. ತಪ್ಪಿದೆ ಅಂತಾನೂ ಗೊತ್ತಾಗಲಿಲ್ಲ, ಯಾಕಂದ್ರ ನಾನು ಓದ್ತಿದ್ದೆನೇ ಹೊರತು ಯೋಚನೆ ಮಾಡ್ತಿರಲಿಲ್ಲ.

ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ.

2/8

ಆ ದಿನ ನಾನೊಬ್ಬನೇ ಹಂಗ ಮಾಡಿದ್ದಲ್ಲ. ನಮ್ಮ ಕ್ಲಾಸಲ್ಲಿ ಹೆಚ್ಚು ಕಡಿಮೆ ಎಲ್ಲರೂ ಹಂಗೇ ಮಾಡ್ತೀವಿ. ಯಾಕೆ ಅಂತ ಕೇಳಿಕೊಂಡೆ.

ಸೋಮಾರಿತನ ಅಂತ ದೊಡ್ಡವರು ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಹೆದರಿಕೆ. ನಮ್ಮಲ್ಲಿ ಬಹಳ ಮಂದಿ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ, ಕೆಲವರು ಮರಾಠಿ ಅಥವಾ ಉರ್ದು ಮೀಡಿಯಂನಲ್ಲಿ ಓದಿ ಬಂದವರು. ಮನೇಲಿ ಒಂದು ಭಾಷೆ, ಬಜಾರದಲ್ಲಿ ಇನ್ನೊಂದು, ಪುಸ್ತಕದಲ್ಲಿ ಇಂಗ್ಲಿಷ್. 'ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್' ಅಂದ್ರೆ ಏನು ಅಂತ ನಮ್ಮ ಮಾತಲ್ಲಿ ಹೇಳು ಅಂದ್ರೆ ಹೇಳಬಹುದು. ಆದ್ರ ಅರವತ್ತು ಮಂದಿ ಎದುರು ಇಂಗ್ಲಿಷ್‌ನಲ್ಲಿ ಹೇಳು ಅಂದ್ರೆ ಬಾಯಿ ಒಣಗ್ತದ.

ಆಗ ಸ್ಲೈಡ್ ನಮಗೆ ಗೋಡೆ ಆಗ್ತದ. ಅದರ ಹಿಂದೆ ಅಡಗಿ ನಿಲ್ಲೋದು. ಅಕ್ಷರ ಜಾಸ್ತಿ ಇದ್ದಷ್ಟು ಗೋಡೆ ದಪ್ಪ. ನನಗೆ ಗೊತ್ತಿಲ್ಲ ಅನ್ನೋದು ಯಾರಿಗೂ ಕಾಣಲ್ಲ, ಹತ್ತು ನಿಮಿಷ ಕಳೀತದ, ಮಾರ್ಕ್ಸ್ ಬರ್ತಾವ.

ಆದ್ರ ಆ ಗೋಡೆ ನನಗೆ ಗೊತ್ತಿರೋದನ್ನೂ ಮುಚ್ಚಿಬಿಡ್ತದ. ಇಲ್ಲೇ ನನ್ನ ತಕರಾರು. ಪಿಪಿಟಿ ಕಲಿಯೋದು ಅಂದ್ರೆ ಟೆಂಪ್ಲೇಟ್, ಅನಿಮೇಷನ್, ಟ್ರಾನ್ಸಿಷನ್ ಕಲಿಯೋದು ಅಂತ ನಮಗೆ ಕಲಿಸಿದ್ದಾರೆ. ಪರದೆ ಮೇಲೆ ಏನು ಬೇಡ ಅಂತ ಆರಿಸೋದೇ ಅದರ ನಿಜವಾದ ಕಲಿಕೆ ಅಂತ ನನಗೀಗ ಅನಿಸ್ತದ. ಬಾಯಿಂದ ಹೇಳೋಕೆ ಬರೋದನ್ನ ಬಾಯಿಂದ ಹೇಳಬೇಕು. ಬಾಯಿಂದ ಹೇಳೋಕೆ ಆಗದೇ ಇರೋದು, ಅಂದ್ರೆ ಒಂದು ಬಿಲ್ಲು, ಒಂದು ಚಿತ್ರ, ಒಂದು ಲೆಕ್ಕ, ಅದಷ್ಟೇ ಪರದೆ ಮೇಲೆ ಬರಬೇಕು.

ಇದನ್ನ ನನಗೆ ಕಲಿಸಿದವನು ಆ ಹಿಂದಿನ ಬೆಂಚಿನವನೇ.

3/8

ಅವನ ಹೆಸರು ಹೇಳಲ್ಲ, ಬೈತಾನೆ. ಅವರ ಮನೆಯದು ಕಿರಾಣಿ ಅಂಗಡಿ. ಕಾಲೇಜು ಮುಗಿದ ಮೇಲೆ ರಾತ್ರಿ ಒಂಬತ್ತರವರೆಗೆ ಗಲ್ಲಾ ಮೇಲೆ ಕೂಡ್ತಾನೆ. ಕ್ಲಾಸಲ್ಲಿ ಬಾಯಿ ಬಿಚ್ಚಲ್ಲ. ಇಂಗ್ಲಿಷ್ ಬರಲ್ಲ ಅಂತ ಅವನೇ ಹೇಳ್ಕೋತಾನೆ.

ಮುಂದಿನ ವಾರ ಅವನ ಸರದಿ. ಅವನ ಟಾಪಿಕ್ಕೂ ಜಿಎಸ್‌ಟಿನೇ. ಐದೇ ಸ್ಲೈಡ್.

ಮೊದಲನೇದು: ಅವರ ಅಂಗಡಿಗೆ ಬಂದ ಹೋಲ್‌ಸೇಲ್ ಬಿಲ್ಲಿನ ಫೋಟೋ, ಆಗಸ್ಟ್ ತಿಂಗಳದು. 1000 ರೂಪಾಯಿ ಸಾಬೂನು. ಸಿಜಿಎಸ್‌ಟಿ 90, ಎಸ್‌ಜಿಎಸ್‌ಟಿ 90. ಒಟ್ಟು 1180. ಅಂಗಡಿ ಹೆಸರು, ನಂಬರ್ ಎಲ್ಲ ಮಸುಕು ಮಾಡಿದ್ದ. ಆ ಮೂರು ಅಂಕಿಗೆ ಮಾತ್ರ ಕೆಂಪು ಗುಂಡು.

ಎರಡನೇದು: ಅಕ್ಟೋಬರ್ ಬಿಲ್ಲು. ಅದೇ 1000 ರೂಪಾಯಿ ಸಾಬೂನು. 25, 25. ಒಟ್ಟು 1050.

ಮೂರನೇದು: ಖಾಲಿ ಬಿಳಿ ಸ್ಲೈಡು, ನಡುವೆ ಒಂದೇ ಸಾಲು. 'ಈ 130 ರೂಪಾಯಿ ಯಾರಿಗೆ ಹೋಯ್ತು?'

ಕ್ಲಾಸ್ ಗಪ್ಪಾಯ್ತು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದ್ರು. ಗಿರಾಕಿಗೆ ಹೋಯ್ತು ಅಂತ ಒಬ್ಬಳು, ಅಂಗಡಿಯವನೇ ಇಟ್ಕೊಂಡ ಅಂತ ಇನ್ನೊಬ್ಬ. ಅವನು ನಕ್ಕೋತ ಹೇಳಿದ: "ಹಳೇ ಎಂಆರ್‌ಪಿ ಇದ್ದ ಮಾಲು ಅಂಗಡ್ಯಾಗ ಇತ್ತು. ಗಿರಾಕಿ ಬಂದು ಟಿವಿಯಾಗ ಕಡಿಮಿ ಆಗ್ಯದಂತ, ನೀ ಯಾಕ ಅದೇ ರೇಟ್ ಹೇಳ್ತಿ ಅಂತ ಜಗಳ. ಒಂದು ವಾರ ನಮ್ಮಪ್ಪ ಮನಿಗಿ ಬಂದು ಸರಿ ಊಟ ಮಾಡಿಲ್ಲ."

ನಾಲ್ಕನೇದು: ಮೂರು ಡಬ್ಬಿ, ನಡುವೆ ಬಾಣ. ಹೋಲ್‌ಸೇಲ್‌ನವನು, ಅಂಗಡಿ, ಗಿರಾಕಿ. ಅಂಗಡಿಯವನು 1000ಕ್ಕೆ ತಂದಾಗ 50 ತೆರಿಗೆ ಕೊಟ್ಟ. 1200ಕ್ಕೆ ಮಾರಿದಾಗ ಗಿರಾಕಿಯಿಂದ 60 ತಗೊಂಡ. ಸರ್ಕಾರಕ್ಕೆ ಕಟ್ಟೋದು 60 ಅಲ್ಲ, 10. ಯಾಕಂದ್ರ 50 ಮೊದಲೇ ಕಟ್ಟಿ ಆಗ್ಯದ. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್.

ಎರಡು ಸೆಮಿಸ್ಟರ್ ಪುಸ್ತಕದಲ್ಲಿ ಓದಿದ್ದು ನನಗೆ ಆ ಮೂರು ಡಬ್ಬಿಯಲ್ಲಿ ತಿಳೀತು.

ಐದನೇದು: 'ಏನಾದ್ರೂ ಕೇಳ್ರಿ.' ಕೇಳಿದ್ರು. ಇಪ್ಪತ್ತು ನಿಮಿಷ ಕೇಳಿದ್ರು. ಎಲ್ಲದಕ್ಕೂ ನಮ್ಮ ಕನ್ನಡದಲ್ಲೇ ಉತ್ತರ ಕೊಟ್ಟ, ನಡುನಡುವೆ ಇಂಗ್ಲಿಷ್ ಶಬ್ದ ಹಾಕಿ. ಇಂಗ್ಲಿಷ್ ಬರಲ್ಲ ಅನ್ನೋನು!

4/8

ಆಮೇಲೆ ನಾನು ಈ ಸ್ಲೈಡ್ ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿದೆ.

ಪವರ್‌ಪಾಯಿಂಟ್ ಬಂದಿದ್ದು 1987ರಲ್ಲಿ. ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಅವರ ಕಲ್ಪನೆ. ಮೊದಲು ಇಟ್ಟ ಹೆಸರು 'ಪ್ರೆಸೆಂಟರ್'. ಮೊದಲ ಆವೃತ್ತಿ ಆ್ಯಪಲ್ ಮ್ಯಾಕಿಂಟಾಷ್‌ಗೆ ಮಾತ್ರ, ಅದೂ ಕಪ್ಪು ಬಿಳುಪು. ಕೆಲಸ ಏನಪ್ಪ ಅಂದ್ರೆ ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಇಡೋ ಪಾರದರ್ಶಕ ಹಾಳೆ ತಯಾರಿಸೋದು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡುಕೊಂಡಿತು. ಹೆಸರು ನೋಡ್ರಿ, ಪ್ರೆಸೆಂಟರ್ ಅಂದ್ರೆ ಹೇಳುವವನು. ಸಾಧನದ ಮೊದಲ ಹೆಸರಲ್ಲೇ ಮನುಷ್ಯ ಇದ್ದ. ಹಾಳೆ ಅವನ ಪಕ್ಕದಲ್ಲಿರೋ ಸಹಾಯಕ.

ಇನ್ನೊಂದು ವಿಷಯ ಓದಿದಾಗ ಮೈ ಜುಂ ಅಂತು. ಕಲ್ಪನಾ ಚಾವ್ಲಾ ಎಲ್ಲರಿಗೂ ಗೊತ್ತು. ಅವರಿದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಹೊರಟಾಗ ಇಂಧನ ಟ್ಯಾಂಕಿನಿಂದ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರ್‌ಗಳು ಇದು ಅಪಾಯವೋ ಅಲ್ಲವೋ ಅಂತ ಲೆಕ್ಕ ಹಾಕಿ ನಾಸಾ ಅಧಿಕಾರಿಗಳಿಗೆ ಸ್ಲೈಡ್‌ಗಳಲ್ಲಿ ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ತಲೆಬರಹ ಓದಿದರೆ ಹೆದರೋದೇನಿಲ್ಲ ಅನ್ನೋ ಭಾವನೆ ಬರ್ತಿತ್ತು. ಕೆಳಗೆ ಬುಲೆಟ್ ಒಳಗೆ ಬುಲೆಟ್. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಮುಖ್ಯವಾದ ಮಾತು: ಹಿಂದೆ ಪರೀಕ್ಷೆ ಮಾಡಿದ ತುಂಡು 3 ಘನ ಅಂಗುಲ, ಈಗ ಬಡಿದದ್ದು 1920 ಘನ ಅಂಗುಲ. ಅಂದ್ರೆ 640 ಪಟ್ಟು ದೊಡ್ಡದು. ಹಳೇ ಪರೀಕ್ಷೆಯ ಮೇಲೆ ಧೈರ್ಯ ಹೇಳೋ ಹಾಗೇ ಇರಲಿಲ್ಲ.

ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಚೂರಾಯ್ತು. ಏಳು ಜನ ಹೋದರು. ಸ್ಲೈಡೇ ಕಾರಣ ಅಂತ ಯಾರೂ ಹೇಳಿಲ್ಲ, ನಾನೂ ಹೇಳಲ್ಲ. ಆದ್ರ ಎಡ್ವರ್ಡ್ ಟಫ್ಟಿ ಅನ್ನೋ ವಿದ್ವಾಂಸರು ಆ ಸ್ಲೈಡನ್ನ ಸಾಲು ಸಾಲಾಗಿ ಬಿಡಿಸಿ ತೋರಿಸಿದರು. ಅದೇ ವರ್ಷ ಬಂದ ತನಿಖಾ ವರದಿ ಕೂಡ, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸೋ ಅಭ್ಯಾಸವನ್ನ ಟೀಕಿಸಿತು.

ನಮ್ಮ ಸೆಮಿನಾರ್‌ನಲ್ಲಿ ಯಾರ ಜೀವಾನೂ ಹೋಗಲ್ಲ ಬಿಡ್ರಿ. ಆದ್ರ ತಪ್ಪು ಅದೇ. ಮುಖ್ಯ ಮಾತು ಆರನೇ ಬುಲೆಟ್‌ನಲ್ಲಿ, ಸಣ್ಣ ಅಕ್ಷರದಲ್ಲಿ ಕೂತಿರ್ತದ.

5/8

ಈ ಪೋಸ್ಟಿನ ಫೋಟೋ ನೋಡ್ರಿ. ಬೈಕ್ ಮೇಲೆ ಹೋದಾಗ ತೆಗೆದದ್ದು. ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ, ಕಲ್ಯಾಣ ಚಾಲುಕ್ಯರ ಕಾಲದ ಈಶ್ವರ ದೇವಸ್ಥಾನ. ಹೊರಗೋಡೆ ಮೇಲೆ ಎಷ್ಟೋ ಸುಂದರಿಯರಿದ್ದಾರೆ. ಅವರಲ್ಲಿ ಒಬ್ಬಳು ಮಾತ್ರ ಬರೀತಿದ್ದಾಳೆ. ಅವಳನ್ನ ಶಾಸನ ಸುಂದರಿ ಅಂತಾರೆ.

ಅವಳು ಬರೀತಿರೋ ಫಲಕದ ಮೇಲೆ ನಿಜವಾಗಿಯೂ ಅಕ್ಷರ ಇದೆ. ಆರನೇ ವಿಕ್ರಮಾದಿತ್ಯನನ್ನ ಹೊಗಳೋ ಒಂದು ಸಣ್ಣ ಸಂಸ್ಕೃತ ಶ್ಲೋಕ. 1076ರಿಂದ 1126ರವರೆಗೆ ಇಲ್ಲೇ ಪಕ್ಕದ ಕಲ್ಯಾಣದಿಂದ, ಅಂದ್ರೆ ಇವತ್ತಿನ ಬಸವಕಲ್ಯಾಣದಿಂದ, ಆಳಿದ ರಾಜ. ಇದೇ ರಾಜನ ಮೇಲೆ ಬಿಲ್ಹಣ ಕವಿ 'ವಿಕ್ರಮಾಂಕದೇವಚರಿತ' ಬರೆದ, 18 ಸರ್ಗ. ಒಂದೇ ರಾಜ, ಒಬ್ಬ 18 ಸರ್ಗ ಬರೀತಾನೆ, ಇನ್ನೊಬ್ಬಳು ಒಂದು ಶ್ಲೋಕ.

ಯಾವುದು ಸರಿ? ಎರಡೂ ಸರಿ. 18 ಸರ್ಗ ಕೂತು ಓದೋದಕ್ಕೆ. ಫಲಕ ನಿಂತು ನೋಡೋದಕ್ಕೆ. ಬಿಲ್ಹಣನ ಕಾವ್ಯವನ್ನ ಆ ಫಲಕದ ಮೇಲೆ ಕೊರೆದಿದ್ದರೆ ಅವಳೂ ಕಾಣ್ತಿರಲಿಲ್ಲ, ಅಕ್ಷರಾನೂ ಕಾಣ್ತಿರಲಿಲ್ಲ.

ನಾವು ಮಾಡೋದು ಅದನ್ನೇ. ನೋಟ್ಸನ್ನ ಸ್ಲೈಡಿಗೆ ತುಂಬ್ತೀವಿ. ಪರೀಕ್ಷೆಗೆ ಓದೋಕೆ ನೋಟ್ಸ್ ಬೇಕಾ? ಎರಡು ಪುಟ ಬರೆದು ಗ್ರೂಪಿಗೆ ಪಿಡಿಎಫ್ ಹಾಕ್ರಿ. ಸ್ಲೈಡಲ್ಲಿ ಫಲಕ ಅಷ್ಟೇ ಇರಲಿ. ಮತ್ತೆ ಆ ಶಿಲ್ಪದಲ್ಲಿ ಮೊದಲು ಕಣ್ಣಿಗೆ ಬೀಳೋದು ಫಲಕ ಅಲ್ಲ, ಅವಳು. ನೀವೂ ಹಂಗೇ ನಿಲ್ರಿ.

6/8

ಈಗ ಕೆಲಸದ ಮಾತು. ಆ ಸೆಮಿನಾರ್ ಆದ ಮೇಲೆ ನಾನು ನಾಲ್ಕು ಸಲ ಪ್ರೆಸೆಂಟ್ ಮಾಡಿದೆ. ಮಾಡಿ ನೋಡಿ ಉಳಿಸಿಕೊಂಡಿದ್ದು ಇಷ್ಟು:

ಒಂದು. ಲ್ಯಾಪ್‌ಟಾಪ್ ತೆರೆಯೋ ಮೊದಲು ಹಾಳೆ ಮೇಲೆ ಒಂದು ವಾಕ್ಯ ಬರೀರಿ: 'ಇದು ಮುಗಿದ ಮೇಲೆ ಕ್ಲಾಸಿಗೆ ಏನು ನೆನಪಿರಬೇಕು?' ಆ ವಾಕ್ಯ ಸಿಗದಿದ್ರೆ ಸ್ಲೈಡ್ ಮಾಡಬ್ಯಾಡ್ರಿ, ಇನ್ನೊಮ್ಮೆ ಓದ್ರಿ.

ಎರಡು. ಸ್ಲೈಡಿನ ತಲೆಬರಹ ಹೆಸರು ಆಗಬಾರದು, ಮಾತಾಗಬೇಕು. 'ಜಿಎಸ್‌ಟಿ ದರಗಳು' ಅಂದ್ರೆ ಏನೂ ಹೇಳಿದಂಗಲ್ಲ. 'ಸಾಬೂನಿನ ತೆರಿಗೆ 18ರಿಂದ 5ಕ್ಕೆ ಇಳಿದಿದೆ' ಅಂದ್ರೆ ಹೇಳಿದಂಗ. ತಲೆಬರಹಗಳನ್ನಷ್ಟೇ ಸಾಲಾಗಿ ಓದಿದ್ರೂ ನಿಮ್ಮ ಕಥೆ ತಿಳೀಬೇಕು.

ಮೂರು. ಒಂದು ಸ್ಲೈಡಿಗೆ ಒಂದೇ ಮಾತು. ಎರಡು ಮಾತಿದ್ರೆ ಎರಡು ಸ್ಲೈಡ್. ಸ್ಲೈಡಿಗೆ ದುಡ್ಡಿಲ್ಲ.

ನಾಲ್ಕು. ದೊಡ್ಡ ಟೇಬಲ್ ಹಾಕಿ 'ಕಾಣಿಸ್ತಿಲ್ಲ ಅನಿಸ್ತದ, ಕ್ಷಮಿಸಿ' ಅನ್ನಬ್ಯಾಡ್ರಿ. ಕಾಣಿಸದಿದ್ರೆ ಯಾಕೆ ಹಾಕಿದ್ರಿ? ಇಪ್ಪತ್ತು ಅಂಕಿಯಲ್ಲಿ ನೀವು ಮಾತಾಡೋದು ಎರಡರ ಬಗ್ಗೆ. ಆ ಎರಡನ್ನೇ ಹಾಕ್ರಿ. ವರ್ಷದಿಂದ ವರ್ಷಕ್ಕೆ ಹೆಂಗ ಬದಲಾಯ್ತು ಅಂತ ತೋರಿಸೋಕೆ ಗೆರೆ ನಕ್ಷೆ, ಯಾವುದು ದೊಡ್ಡದು ಅಂತ ತೋರಿಸೋಕೆ ಕಂಬ ನಕ್ಷೆ. ಎಂಟು ತುಂಡಿನ ಪೈ ಚಾರ್ಟ್ ಯಾರಿಗೂ ತಿಳಿಯಲ್ಲ.

ಐದು. ಕ್ಲಾಸ್ ಖಾಲಿ ಇದ್ದಾಗ ಪ್ರೊಜೆಕ್ಟರ್ ಹಾಕಿ ಹಿಂದಿನ ಬೆಂಚಲ್ಲಿ ಕೂತು ನೋಡ್ರಿ. ಲ್ಯಾಪ್‌ಟಾಪಲ್ಲಿ ಚೆಂದ ಕಂಡ ತಿಳಿ ಹಳದಿ ಅಕ್ಷರ ಕಿಟಕಿ ಬೆಳಕಲ್ಲಿ ಮಾಯ ಆಗ್ತದ. ಬಿಳಿ ಮೇಲೆ ಕಪ್ಪು, ಜೊತೆಗೆ ಒಂದೇ ಒಂದು ಬಣ್ಣ. ಸಾಕು.

ಆರು. ಮಾತು ಮರೀತೀನಿ ಅನ್ನೋ ಹೆದರಿಕೆ ಇದ್ರೆ ಕೈಯಲ್ಲಿ ಚೀಟಿ ಇಟ್ಕೊಳ್ರಿ. ನಾಚಿಕೆ ಏನಿಲ್ಲ. ಅಥವಾ ಸ್ಲೈಡಿನ ಕೆಳಗೆ ನೋಟ್ಸ್ ಜಾಗ ಇರ್ತದ, ಅಲ್ಲಿ ಬರೀರಿ.

ಏಳು. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ 'ಬಿ' ಒತ್ತಿದ್ರೆ ಪರದೆ ಕಪ್ಪಾಗ್ತದ. ಎಲ್ಲರೂ ನಿಮ್ಮನ್ನ ನೋಡ್ತಾರೆ. ಮೊದಲ ಸಲ ಒತ್ತಿದಾಗ ಕಾಲು ನಡುಗಿತು. ಎರಡನೇ ಸಲ ಇಲ್ಲ.

7/8

ಕನ್ನಡದಲ್ಲಿ ಸ್ಲೈಡ್ ಮಾಡೋರಿಗೆ ಪ್ರತ್ಯೇಕ ಪೋಸ್ಟ್, ಯಾಕಂದ್ರ ನೆಟ್‌ನಲ್ಲಿರೋ ಸಲಹೆ ಎಲ್ಲ ಇಂಗ್ಲಿಷ್ ಅಕ್ಷರಕ್ಕೆ.

ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವಲ್ಲಿ ಒಯ್ದು ಕಾಲೇಜಿನ ಕಂಪ್ಯೂಟರಲ್ಲಿ ತೆರೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಕೂಡಿ ಚಿತ್ರಾನ್ನ ಆಗಿರ್ತದ. ಆ ಫಾಂಟ್ ಅಲ್ಲಿ ಇಲ್ಲದಿದ್ರೆ ಕಂಪ್ಯೂಟರಿಗೆ ಅದು ಕನ್ನಡ ಅಂತಾನೇ ಗೊತ್ತಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡ್ರಿ. ಫೋನಿನ ಕೀಬೋರ್ಡಲ್ಲಿ ನೀವು ದಿನಾ ಬರೆಯೋದು ಯೂನಿಕೋಡೇ. ಈಗ ನುಡಿಯಲ್ಲೂ ಯೂನಿಕೋಡ್ ಇದೆ, ಅದನ್ನ ಆರಿಸ್ಕೊಳ್ರಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಅನ್ನೋ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗ್ತಾವ. ಏನೇ ಆದ್ರೂ ಒಂದು ಪಿಡಿಎಫ್ ಪ್ರತಿ ಜೊತೆಗೆ ಇರಲಿ.

ನಮ್ಮ ಅಕ್ಷರಕ್ಕೆ ಮೇಲೂ ಕೆಳಗೂ ಜಾಗ ಬೇಕು. 'ರಾಷ್ಟ್ರ' ಬರೆದು ನೋಡ್ರಿ, ಒತ್ತಕ್ಷರ ಕೆಳಗೆ ಎಷ್ಟು ಇಳೀತದ. ಇಂಗ್ಲಿಷ್‌ಗೆ ಸರಿಹೋಗೋ ಸಾಲಿನ ಅಂತರದಲ್ಲಿ ಕನ್ನಡ ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡೀತದ. ಅಂತರ ಹೆಚ್ಚಿಸ್ರಿ. ಒತ್ತು ಕೊಡೋಕೆ ಇಂಗ್ಲಿಷ್‌ನಂಗ ದೊಡ್ಡಕ್ಷರ ನಮ್ಮಲ್ಲಿ ಇಲ್ಲ, ಆ ಒಂದು ಪದವನ್ನ ದೊಡ್ಡದು ಮಾಡ್ರಿ ಇಲ್ಲಾ ಬಣ್ಣ ಹಾಕ್ರಿ.

ಮತ್ತೆ ಭಾಷೆ. 'ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್'ಗೆ ಕಷ್ಟಪಟ್ಟು ಕನ್ನಡ ಪದ ಹುಡುಕಬೇಕಿಲ್ಲ. ಆ ಶಬ್ದ ಹಂಗೇ ಇರಲಿ, ವಿವರಣೆ ನಮ್ಮ ಮಾತಲ್ಲಿರಲಿ. ನಾವು ಇರೋ ನೆಲ ನೋಡ್ರಿ. ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಬೇರೆ ಬೇರೆ ಕಾಯಕದವರು ದೊಡ್ಡ ದೊಡ್ಡ ವಿಚಾರಗಳನ್ನ ಜನ ಮಾತಾಡೋ ಕನ್ನಡದಲ್ಲೇ ಹೇಳಿದ್ರು, ಅದೂ ನಾಲ್ಕೈದು ಸಾಲಲ್ಲಿ. ಅನುಭವ ಮಂಟಪ ಅನ್ನೋ ಹೆಸರಲ್ಲೇ ಅನುಭವ ಅದ. ಕಿರಾಣಿ ಅಂಗಡಿಯ ಬಿಲ್ಲೂ ಒಂದು ಅನುಭವನೇ.

8/8

ನನಗೆ ಬಂದ ಮೂರು ತಕರಾರಿಗೆ ಉತ್ತರ ಹೇಳಿ ಮುಗಿಸ್ತೀನಿ.

'ಸ್ಲೈಡ್ ಕಡಿಮೆ ಇದ್ರೆ ಮಾರ್ಕ್ಸ್ ಕಡಿಮೆ ಕೊಡ್ತಾರೆ.' ಕೊಡಬಹುದು. ಆ ಹುಡುಗನಿಗೂ ಪೂರ್ತಿ ಮಾರ್ಕ್ಸ್ ಬರಲಿಲ್ಲ, 22 ಸ್ಲೈಡ್ ಹಾಕಿದ ನನಗಿಂತ ಒಂದು ಕಡಿಮೆ ಬಂತು. ಇದು ನನಗೆ ಇವತ್ತಿಗೂ ಚುಚ್ತದ. ಅದಕ್ಕೇ ಮೇಷ್ಟ್ರುಗಳು ಇದನ್ನ ಓದ್ತಿದ್ರೆ ಒಂದು ವಿನಂತಿ: ಸ್ಲೈಡ್ ಎಣಿಸಬ್ಯಾಡ್ರಿ ಸರ್, ಎರಡು ಪ್ರಶ್ನೆ ಕೇಳ್ರಿ. ಯಾರಿಗೆ ತಿಳಿದದ, ಯಾರಿಗೆ ಇಲ್ಲ ಅನ್ನೋದು ಎರಡೇ ನಿಮಿಷದಲ್ಲಿ ಗೊತ್ತಾಗ್ತದ.

'ಈಗ ಎಐಗೆ ಹೇಳಿದ್ರೆ ಅದೇ ಮಾಡಿ ಕೊಡ್ತದ, ನಾವ್ಯಾಕ ಕಲೀಬೇಕು?' ಮಾಡಿ ಕೊಡ್ತದ, ನಾನೂ ಮಾಡಿಸಿ ನೋಡೀನಿ. ಒಂದು ನಿಮಿಷದಲ್ಲಿ ಹನ್ನೆರಡು ಚೆಂದ ಸ್ಲೈಡ್. ಆದ್ರ ಅದು ನನ್ನ ಹಳೇ ಗೋಡೆಗೆ ಹೊಸ ಬಣ್ಣ ಅಷ್ಟೇ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ ಉತ್ತರ ಕೊಡೋನು ನಾನು. ಬಳಸ್ರಿ, ಬೇಡ ಅನ್ನಲ್ಲ, ಆದ್ರ ಒಂದೊಂದು ಅಂಕಿನೂ ನೀವೇ ಮತ್ತೆ ನೋಡ್ರಿ, ಯಾವ ಮಾತು ಮುಖ್ಯ ಅಂತ ನೀವೇ ಆರಿಸ್ರಿ.

'ನನಗೆ ಮಾತಾಡೋಕೇ ಬರಲ್ಲ.' ಈ ಮಾತು ಹೇಳೋರಿಗಾಗಿಯೇ ಇಷ್ಟೆಲ್ಲ ಬರೆದೆ. ಇದೇ ಹುಡುಗ ಹುಡುಗಿಯರು ಕ್ಯಾಂಟೀನಲ್ಲಿ ಅರ್ಧ ಗಂಟೆ ಮಾತಾಡ್ತಾರೆ. ಸಂತ್ಯಾಗ ತೊಗರಿ ರೇಟಿನ ಬಗ್ಗೆ ವಾದ ಮಾಡ್ತಾರೆ. ಸ್ವಸಹಾಯ ಸಂಘದ ಸಭೇಲಿ ಅಮ್ಮನ ಜೊತೆ ಕೂತು ಸಾಲದ ಬಡ್ಡಿ ಲೆಕ್ಕ ಹೇಳ್ತಾರೆ. ಅದೆಲ್ಲ ಕಾಮರ್ಸ್ ಅಲ್ಲವಾ? ಅದನ್ನ ಕ್ಲಾಸಿಗೆ ತರ್ರಿ. ನಾಳೆ ಬ್ಯಾಂಕ್ ಇಂಟರ್‌ವ್ಯೂನಲ್ಲಿ, ಕಂಪನಿಯಲ್ಲಿ, ಸ್ವಂತ ಅಂಗಡಿಗೆ ಸಾಲ ಕೇಳೋಕೆ ಹೋದಾಗ ಯಾರೂ ನಿಮ್ಮ ಟ್ರಾನ್ಸಿಷನ್ ನೋಡಲ್ಲ. ಎದುರು ಕೂತವರ ಕಣ್ಣು ನೋಡಿ ನಿಮ್ಮ ಲೆಕ್ಕ ಹೇಳೋಕೆ ಬರ್ತದಾ ಇಲ್ಲಾ ಅಂತ ನೋಡ್ತಾರೆ.

ಮುಂದಿನ ಸೆಮಿನಾರ್‌ಗೆ ಐದೇ ಸ್ಲೈಡ್ ಮಾಡ್ರಿ. ಅದರಲ್ಲಿ ಒಂದಾದ್ರೂ ನಿಮ್ಮ ಮನೆಯಿಂದ, ಹೊಲದಿಂದ, ಅಂಗಡಿಯಿಂದ ಬಂದಿರಲಿ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ತಪ್ಪಿದ್ರೆ ಹೇಳ್ತೀನಿ, ನಗಲ್ಲ.

#ಹುಮನಾಬಾದ್ #ಬಸವಕಲ್ಯಾಣ #ಬಿಕಾಂ #ಸೆಮಿನಾರ್ #ಐದೇಸ್ಲೈಡ್